ಅಕ್ಕ ತಿದ್ದಿದ ಎರಡು ಸಾಲು

ನಮ್ಮ ಕಚೇರಿಯಲ್ಲಿ ಅವರನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವರಿಗಿಂತ ನಾಲ್ಕು ವರ್ಷ ದೊಡ್ಡವರಾದ ಮ್ಯಾನೇಜರು ಕೂಡ. ಒಮ್ಮೆ ಯಾರೋ ಆ ಮಾತು ತೆಗೆದಾಗ ಮ್ಯಾನೇಜರು, ವಯಸ್ಸಿನ ಲೆಕ್ಕ ಬಿಡಿ, ಅವರು ಕಾಗದ ನೋಡುವ ರೀತಿಗೆ ನಾನು ಕೊಡುವ ಮರ್ಯಾದೆ ಅದು ಎಂದಿದ್ದರು. ಆ ರೀತಿ ನನಗೆ ಚೆನ್ನಾಗಿ ಗೊತ್ತು. ಹನ್ನೊಂದು ವರ್ಷ ಅವರ ಎದುರು ಮೇಜಿನಲ್ಲಿ ಕೂತವನು ನಾನು. ನಾನು ಬರೆದ ಯಾವುದಾದರೂ ಕಾಗದವನ್ನು ಅವರ ಕೈಗೆ ಕೊಟ್ಟರೆ ಮೊದಲು ಕನ್ನಡಕ ಮೂಗಿನ ತುದಿಗೆ ಇಳಿಯುತ್ತಿತ್ತು. ಆಮೇಲೆ ತೋರುಬೆರಳು ಸಾಲಿನ ಕೆಳಗೆ ಮೆಲ್ಲಗೆ ಹರಿದು ಎಲ್ಲೋ ಒಂದು ಕಡೆ ನಿಲ್ಲುತ್ತಿತ್ತು. ಬೆರಳು ನಿಂತ ಕಡೆ ನಾನೇ ನೋಡಿ, ನಾಲಗೆ ಕಚ್ಚಿಕೊಂಡು, ಕಾಗದ ವಾಪಸು ತೆಗೆದುಕೊಳ್ಳುತ್ತಿದ್ದೆ.

ನಮ್ಮದು ಚಿಕ್ಕ ಕಂಪನಿ. ಟೈರ್ ಅಂಗಡಿಯ ಮೇಲಿನ ಮೂರನೇ ಮಹಡಿ. ಕಿಟಕಿ ತೆರೆದರೆ ಹೊಸ ರಬ್ಬರಿನ ವಾಸನೆ, ಮುಚ್ಚಿದರೆ ಬೆಸುಗೆಯ ಹೊಗೆ. ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಇಡುವ ಫ್ರಿಜ್ಜು ಇರುತ್ತದಲ್ಲ, ಅದರ ಒಳಗಿನ ತಂಪು ಎಷ್ಟಿದೆ ಎಂದು ಐದು ನಿಮಿಷಕ್ಕೊಮ್ಮೆ ಅಳೆದು ಬರೆದಿಡುವ ಪೆಟ್ಟಿಗೆಯನ್ನು ನಾವು ಮಾಡುತ್ತೇವೆ. ಸೋಪಿನ ಡಬ್ಬಿಗಿಂತ ಚೂರು ದೊಡ್ಡದು. ಲಸಿಕೆ ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಆ ಪೆಟ್ಟಿಗೆ ಬರೆದಿಟ್ಟ ಅಂಕಿಗಳೇ ಸಾಕ್ಷಿ. ನನ್ನ ಕೆಲಸ, ಪೆಟ್ಟಿಗೆ ಕೊಂಡವರ ದೂರುಗಳನ್ನು ಕೇಳುವುದು, ಉತ್ತರ ಬರೆಯುವುದು.

ಅಕ್ಕ ಎಂಜಿನಿಯರ್ ಅಲ್ಲ. ಇಪ್ಪತ್ತೆರಡು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ಆ ಕೆಲಸಕ್ಕೆ ಆಗ ಇಬ್ಬರು ಬೇಕಿತ್ತು. ಒಬ್ಬರು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದ ಕರಡಿನ ಮೇಲೆ ಕಣ್ಣಿಟ್ಟು ತಪ್ಪು ಗುರುತಿಸಬೇಕು. ಓದುವವರು ಅಲ್ಪವಿರಾಮವನ್ನೂ ಬಿಡದೆ ಬಾಯಲ್ಲಿ ಹೇಳಬೇಕು. ಅಕ್ಕನಿಗೆ ಓದಿ ಹೇಳಲು ಸಿಕ್ಕವರು ತೆಳ್ಳಗಿನ, ಉದ್ದ ಕತ್ತಿನ ಒಬ್ಬ ಹುಡುಗ, ಕಂಠ ಮಾತ್ರ ಗಂಟೆ ಹೊಡೆದ ಹಾಗೆ. ಒಂದು ಮಧ್ಯಾಹ್ನ ಔಷಧಿಗಳ ಪಟ್ಟಿಯೊಂದನ್ನು ಓದುತ್ತಾ ಓದುತ್ತಾ, ಅದೇ ದನಿಯಲ್ಲಿ, ಮೂಲದಲ್ಲಿಲ್ಲದ ಒಂದು ಸಾಲು ಸೇರಿಸಿದರಂತೆ: "ನಿಮಗೆ ಮದುವೆ ಗೊತ್ತಾಗಿದೆಯೇ, ಪ್ರಶ್ನಾರ್ಥಕ ಚಿಹ್ನೆ." ಅಕ್ಕ ಕರಡಿನಿಂದ ತಲೆ ಎತ್ತಲಿಲ್ಲವಂತೆ. "ಇಲ್ಲ, ಪೂರ್ಣವಿರಾಮ, ಮುಂದೆ ಓದಿ" ಎಂದರಂತೆ. ಮುಂದೆ ಓದುವುದಕ್ಕೆ ಆ ಮನುಷ್ಯನಿಗೆ ನಾಲಗೆಯೇ ಹೊರಳಲಿಲ್ಲ ಎಂದು ಅಕ್ಕ ಹೇಳಿ ನಗುತ್ತಿದ್ದರು. ಅವರನ್ನು ನಾವು ಭಾವ ಎನ್ನುತ್ತಿದ್ದೆವು.

ಮುದ್ರಣಾಲಯ ಮುಚ್ಚಿತು. ಭಾವ ಒಂದು ಸಾರ್ವಜನಿಕ ವಾಚನಾಲಯದಲ್ಲಿ ಪುಸ್ತಕ ಕೊಡುವ ಕೆಲಸಕ್ಕೆ ಸೇರಿದರು. ಅಕ್ಕ ನಮ್ಮಲ್ಲಿಗೆ ಬಂದರು, ಪೆಟ್ಟಿಗೆಯ ಜೊತೆ ಕೊಡುವ ಬಳಕೆಯ ಕೈಪಿಡಿಯಲ್ಲಿ ಕಾಗುಣಿತ ನೋಡುವುದಕ್ಕೆ. ಬಂದ ಎರಡನೇ ತಿಂಗಳಲ್ಲಿ ಎಂಜಿನಿಯರುಗಳು ತಮ್ಮ ಬಳಕೆಗೆಂದು ಮಾಡಿಕೊಂಡ ಒಂದು ಪುಸ್ತಿಕೆ ಅವರ ಮೇಜಿಗೆ ಬಂತು. ಅದರ ಕೊನೆಯಲ್ಲಿ ನಾಲ್ಕು ಪುಟ ವಿಚಿತ್ರ ಬರಹ: ಬಾಗಿದ ಕಂಸಗಳು, ಅಂಕಿಗಳು, ಪ್ರತಿ ಸಾಲಿನ ಕೊನೆಗೆ ಅರ್ಧವಿರಾಮ. ಅದನ್ನು ಓದಬೇಕಾಗಿಲ್ಲ ಅಕ್ಕ, ಅದು ಯಂತ್ರಕ್ಕೆ ಎಂದು ಹೇಳಿದ್ದರು. ಅಕ್ಕ ಓದಿದರು. ಮೂರನೇ ಪುಟದಲ್ಲಿ ಎರಡು ಕಡೆ ಪೆನ್ಸಿಲಿನಿಂದ ಸುತ್ತು ಹಾಕಿ ಕೊಟ್ಟರು. ಎರಡು ಬೇರೆ ಬೇರೆ ಭಾಗಗಳಿಗೆ ಒಂದೇ ವಿಳಾಸ ಬರೆದಿದ್ದೀರಿ, ಇದು ಸರಿಯೇ ಎಂದು ಕೇಳಿದರು. ಸರಿಯಿರಲಿಲ್ಲ. ಒಂದು ವಾರದಿಂದ ಎಂಜಿನಿಯರುಗಳು ತಲೆ ಕೆರೆದುಕೊಳ್ಳುತ್ತಿದ್ದದ್ದು ಅದಕ್ಕೇ.

ಆ ಬರಹಕ್ಕೆ ಡಿವೈಸ್ ಟ್ರೀ ಎನ್ನುತ್ತಾರೆ. ಅಕ್ಕ ನನಗೆ ಅದನ್ನು ತಿಳಿಸಿಕೊಟ್ಟ ಹಾಗೆಯೇ ಇಲ್ಲಿ ಹೇಳುತ್ತೇನೆ. ನಮ್ಮ ಪೆಟ್ಟಿಗೆಯೊಳಗೆ ಉಗುರಿನಷ್ಟು ಅಗಲದ ಒಂದು ಎಲೆಕ್ಟ್ರಾನಿಕ್ ಚಿಪ್ಪು. ಅದರೊಳಗೇ ಹತ್ತಾರು ಭಾಗ. ಪೆಟ್ಟಿಗೆಯನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಎದ್ದು ಕೂತಾಗ ಅದಕ್ಕೆ ಕಣ್ಣು ಕಾಣುವುದಿಲ್ಲ. ಯಾವ ಭಾಗ ಎಲ್ಲಿದೆ ಎಂದು ಯಾರಾದರೂ ಬರೆದಿಟ್ಟಿದ್ದರೆ ಅದನ್ನು ನಂಬಿ ನಡೆಯುತ್ತದೆ. ಉದಾಹರಣೆಗೆ ಸ್ಟೋರೇಜ್ ಕಂಟ್ರೋಲರ್, ಅಂದರೆ ಮೆಮೊರಿಗೆ ಬರೆಯುವ, ಅಲ್ಲಿಂದ ಓದುವ ಭಾಗ. ಅದು ಇಂಥ ವಿಳಾಸದಲ್ಲಿದೆ, ಇಷ್ಟು ತಂತಿಗಳಿವೆ, ಕಟ್ಟಿರುವ ಮೆಮೊರಿ ಬೆಸೆದದ್ದು, ಕಿತ್ತು ತೆಗೆಯಲು ಬರುವುದಿಲ್ಲ, ಅದಕ್ಕೆ ತಾಳ ಕೊಡುವ ಕ್ಲಾಕಿನ ಸ್ವಿಚ್ಚು ಇಂಥ ನಂಬರಿನದು ಎಂದು ಸಾಲು ಸಾಲಾಗಿ ಬರೆಯಬೇಕು. ಕ್ಲಾಕ್ ನಿಂತರೆ ಕಂಟ್ರೋಲರ್ ಕಲ್ಲು. ಬರೆದದ್ದು ತಪ್ಪಿದ್ದರೆ ಸಿಸ್ಟಂ ಜಗಳವಾಡುವುದಿಲ್ಲ, ಆ ತಪ್ಪನ್ನೇ ನಿಷ್ಠೆಯಿಂದ ಮಾಡುತ್ತದೆ.

ಅಕ್ಕನಿಗೆ ಈ ಕೆಲಸ ಎಷ್ಟು ಹಿಡಿಸಿತೆಂದರೆ, ಒಂದು ವರ್ಷದಲ್ಲಿ ನಮ್ಮ ಎಲ್ಲ ಪೆಟ್ಟಿಗೆಗಳ ಡಿವೈಸ್ ಟ್ರೀ ಅವರ ಕೈಗೇ ಬಂತು. ಗೊತ್ತಿಲ್ಲದ್ದನ್ನು ಕೇಳಲು ಅವರಿಗೆ ನಾಚಿಕೆಯೇ ಇರಲಿಲ್ಲ. ಚಿಪ್ಪುಗಳನ್ನು ಬೆಸೆಯುವ ನಮ್ಮ ಬೆಸುಗೆ ಅಣ್ಣನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಇದು ಯಾವ ತಂತಿ, ಅದು ಎಲ್ಲಿಗೆ ಹೋಗುತ್ತದೆ ಎಂದು ಅವರ ಪ್ರಾಣ ತಿನ್ನುತ್ತಿದ್ದರು. ಅವರು ಗೊಣಗುತ್ತಲೇ ಹೇಳಿಕೊಟ್ಟರು. ಅಕ್ಕ ರಜೆ ಹಾಕಿದ ದಿನ ಅವರೇ ಎರಡು ಸಲ ಬಂದು ಖಾಲಿ ಕುರ್ಚಿ ನೋಡಿ ಹೋಗುತ್ತಿದ್ದರು.

ಹೀಗಿರುವಾಗ ಭಾವನ ಗಂಟಲಲ್ಲಿ ಗಡ್ಡೆಯೊಂದು ಕಂಡು ಶಸ್ತ್ರಚಿಕಿತ್ಸೆಯಾಯಿತು. ಗಡ್ಡೆ ಕೆಟ್ಟದ್ದಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅಕ್ಕ ಕಚೇರಿಗೆ ಬಂದು ಮೇಜಿನ ಮೇಲೆ ತಲೆಯಿಟ್ಟು ಅರ್ಧ ಗಂಟೆ ಮಲಗಿಬಿಟ್ಟರು. ಆದರೆ ಭಾವನ ದನಿ ಹೋಗಿತ್ತು. ಬಾಯಿ ತೆರೆದರೆ ಒಣ ಎಲೆ ಉಜ್ಜಿದಂಥ ಸದ್ದು. ಮಾತು ಕಲಿಸುವ ಚಿಕಿತ್ಸಕಿ ದಿನಾ ಅರ್ಧ ಗಂಟೆ ಗಟ್ಟಿಯಾಗಿ ಓದಿ, ಇಲ್ಲದಿದ್ದರೆ ಗಂಟಲಿನ ಸ್ನಾಯು ಮರೆತುಬಿಡುತ್ತದೆ ಎಂದು ಕಟ್ಟುನಿಟ್ಟಾಗಿ ಹೇಳಿದ್ದಳು. ಭಾವ ಜಪ್ಪಯ್ಯ ಅಂದರೂ ಓದಲಿಲ್ಲ. ಪತ್ರಿಕೆ ಕೊಟ್ಟರೆ ಸಿಟ್ಟು ಬಂದು ಗಂಟಲು ಬಿಗಿಯುತ್ತಿತ್ತು. ಕಥೆ ಕೊಟ್ಟರೆ ದುಃಖ ಬಂದು ಗಂಟಲು ಬಿಗಿಯುತ್ತಿತ್ತು. ಊರೆಲ್ಲ ಮೆಚ್ಚಿದ ಕಂಠ ಹೀಗಾಯಿತಲ್ಲ ಎಂಬ ಸಂಕಟ ಬೇರೆ. ಅಕ್ಕ ಒಂದು ವಾರ ಬೇಡಿಕೊಂಡರು, ಇನ್ನೊಂದು ವಾರ ಜಗಳವಾಡಿದರು. ಆಮೇಲೆ ಒಂದು ಬೆಳಿಗ್ಗೆ ನಮ್ಮ ಪೆಟ್ಟಿಗೆಯ ಚಿಪ್ಪಿನ ಕೈಪಿಡಿಯನ್ನು, ಸಾವಿರದ ನಾನೂರು ಪುಟ, ಮೂರು ಸಂಪುಟವಾಗಿ ಹೊಲಿಸಿದ್ದನ್ನು, ಅವರ ಮುಂದೆ ತಂದಿಟ್ಟರು.

"ಇದರಲ್ಲಿ ಸಿಟ್ಟೂ ಇಲ್ಲ, ದುಃಖಾನೂ ಇಲ್ಲ. ಓದಿ. ನಾನು ನನ್ನ ಫೈಲು ಹಿಡ್ಕೊಂಡು ತಾಳೆ ನೋಡ್ತೀನಿ."

ಭಾವ ಮೊದಲ ಪುಟ ತೆರೆದು, ಕೆಮ್ಮಿ, "ಸೊನ್ನೆ" ಎಂದರಂತೆ.

ಅಂದಿನಿಂದ ದಿನಾ ಬೆಳಿಗ್ಗೆ ಏಳರಿಂದ ಏಳೂವರೆ, ಅಡುಗೆಮನೆಯ ಮೇಜಿನ ಎರಡು ಬದಿಗೆ ಇಬ್ಬರೂ. ಒಂದು ಭಾನುವಾರ ಕಾಗದವೊಂದಕ್ಕೆ ಸಹಿ ಬೇಕಾಗಿ ಹೋದಾಗ ನಾನೇ ಕಣ್ಣಾರೆ ಕಂಡೆ. ಭಾವ ಕತ್ತಿಗೆ ಮಫ್ಲರ್ ಸುತ್ತಿಕೊಂಡು, ಬೆಚ್ಚಗಿನ ನೀರಿನ ಲೋಟ ಪಕ್ಕದಲ್ಲಿಟ್ಟುಕೊಂಡು, ಒಡಕು ದನಿಯಲ್ಲಿ ವಿಳಾಸಗಳನ್ನು ಓದುತ್ತಿದ್ದರು: "ಸೊನ್ನೆ, ಎಕ್ಸ್, ನಾಲ್ಕು, ಎಂಟು, ಸೊನ್ನೆ, ಆರು." ಅಕ್ಕನ ಬೆರಳು ತಮ್ಮ ಫೈಲಿನ ಸಾಲಿನ ಕೆಳಗೆ ನಡೆಯುತ್ತಿತ್ತು. ನಾನು ಬಂದದ್ದನ್ನು ನೋಡಿ ಭಾವ ಕೈಯೆತ್ತಿ ಕೂರಲು ಹೇಳಿದರು, ಓದು ನಿಲ್ಲಿಸಲಿಲ್ಲ. ಅಡಿಟಿಪ್ಪಣಿಯನ್ನೂ ಓದಿದರು, ಚಿತ್ರದ ಕೆಳಗಿನ ಹೆಸರನ್ನೂ ಓದಿದರು. ಪುಟ ಹಾರಿಸುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ಆ ವರ್ಷವೇ ನಮ್ಮ ಹೊಸ ಮಾದರಿಯ ಪೆಟ್ಟಿಗೆ ಹೊರಬಂತು. ಹಳೆಯದರಲ್ಲಿ ಅಂಕಿಗಳು ಒಳಗೇ ಇರುತ್ತಿದ್ದವು. ಹೊಸದರಲ್ಲಿ ಒಂದು ವೈರ್‌ಲೆಸ್ ಬಿಲ್ಲೆ ಸೇರಿಸಿ, ಅಂಕಿಗಳು ತಾವೇ ಆರೋಗ್ಯ ಇಲಾಖೆಯ ಮೇಲಿನ ಕಚೇರಿಗೆ ಹೋಗುವಂತೆ ಮಾಡಿದ್ದೆವು. ಒಂದೂವರೆ ತಿಂಗಳಿಗೆ ನನ್ನ ಮೇಜಿಗೆ ದೂರುಗಳು ಬರತೊಡಗಿದವು. ಕೆಲವು ಪೆಟ್ಟಿಗೆಗಳಲ್ಲಿ ಮಧ್ಯೆ ಮಧ್ಯೆ ಎರಡು ಗಂಟೆ, ಮೂರು ಗಂಟೆ ಏನೂ ಬರೆದಿಲ್ಲ, ಖಾಲಿ. ಎಲ್ಲವೂ ದೂರದ ಆರೋಗ್ಯ ಕೇಂದ್ರಗಳಿಂದ. ನಮ್ಮ ಕಚೇರಿಯಲ್ಲಿ ಅದೇ ಪೆಟ್ಟಿಗೆಯನ್ನು ಹದಿನೈದು ದಿನ ಓಡಿಸಿದರೂ ಒಂದು ಅಂಕಿ ತಪ್ಪಲಿಲ್ಲ. ಆರೋಗ್ಯ ಇಲಾಖೆಯ ಮೇಲ್ವಿಚಾರಕರು ತಮಗೆ ತೋಚಿದ ತೀರ್ಮಾನಕ್ಕೆ ಬಂದರು: ಫೋನ್ ಚಾರ್ಜ್ ಮಾಡಿಕೊಳ್ಳಲು ನರ್ಸುಗಳು ಪೆಟ್ಟಿಗೆಯ ಪ್ಲಗ್ ಕೀಳುತ್ತಿದ್ದಾರೆ, ಒಳಗಿನ ಬ್ಯಾಟರಿ ಮುಗಿದುಹೋಗುತ್ತಿದೆ. ಒಬ್ಬ ನರ್ಸಿಗೆ ಲಿಖಿತ ಎಚ್ಚರಿಕೆಯೂ ಹೋಯಿತು.

ಆ ನರ್ಸು ನನಗೆ ಕಾಗದ ಬರೆದರು. ಒಂದೂವರೆ ಪುಟ, ನೀಲಿ ಶಾಯಿ, ಗುಂಡು ಗುಂಡು ಅಕ್ಷರ. ಹದಿನೇಳು ವರ್ಷದಿಂದ ಲಸಿಕೆ ಹಾಕುತ್ತಿದ್ದೇನೆ, ಪ್ಲಗ್ ಕಿತ್ತಿಲ್ಲ, ನಿಮ್ಮ ಯಂತ್ರ ನನ್ನನ್ನು ಸುಳ್ಳುಗಾರ್ತಿ ಮಾಡಿದೆ ಎಂದು ಬರೆದಿದ್ದರು. ಅಳು ಇಲ್ಲ, ಬೈಗುಳ ಇಲ್ಲ. ಯಾವ ದಿನ ಯಾವ ಹೊತ್ತಿಗೆ ಖಾಲಿಯಿದೆ, ಆಗ ತಾವು ಎಲ್ಲಿದ್ದರು, ಕರೆಂಟ್ ಇತ್ತೇ ಇಲ್ಲವೇ ಎಂದೆಲ್ಲ ಕ್ರಮವಾಗಿ ಬರೆದಿದ್ದರು. ಏನು ಉತ್ತರ ಬರೆಯುವುದೆಂದು ತೋಚದೆ ಅದನ್ನು ಅಕ್ಕನ ಕೈಗೆ ಕೊಟ್ಟೆ. ಕನ್ನಡಕ ಮೂಗಿನ ತುದಿಗೆ ಬಂತು. ಬೆರಳು ಮೇಲಿನಿಂದ ಕೆಳಗಿನವರೆಗೆ ಹೋಯಿತು, ಎಲ್ಲೂ ನಿಲ್ಲಲಿಲ್ಲ.

"ಒಂದು ಒತ್ತಕ್ಷರಾನೂ ತಪ್ಪಿಲ್ಲ," ಎಂದರು ಅಕ್ಕ. "ಇಷ್ಟು ನಿಗಾ ಇರೋ ಹೆಂಗಸು ಪ್ಲಗ್ ಕಿತ್ತು ಮರೀತಾಳಾ? ತಪ್ಪು ನಮ್ಮ ಕಡೆಗೇ ಇದೆ, ಹುಡುಕಬೇಕು."

ಇದು ಎಂಥ ತರ್ಕ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಆ ದಿನದಿಂದ ಕಾಗದ ಅವರ ಮೇಜಿನ ಗಾಜಿನ ಕೆಳಗೇ ಇತ್ತು.

ಅವರಿಗೆ ಅನುಮಾನವಿದ್ದದ್ದು ಸ್ಟೋರೇಜ್ ಕಂಟ್ರೋಲರಿನ ಮೇಲೆ. ಚಿಪ್ಪಿನೊಳಗೆ ಅಂಥವು ಮೂರಿದ್ದವು. ಮೊದಲನೆಯದಕ್ಕೆ ಕಾರ್ಡ್ ಹಾಕುವ ಗೂಡು, ಎರಡನೆಯದಕ್ಕೆ ಅಂಕಿಗಳನ್ನು ಬರೆದಿಡುವ ಬೆಸೆದ ಮೆಮೊರಿ. ಹಳೆಯ ಮಾದರಿಯಲ್ಲಿ ಮೂರನೆಯದು ಖಾಲಿಯಿತ್ತು. ಹೊಸದರಲ್ಲಿ ವೈರ್‌ಲೆಸ್ ಬಿಲ್ಲೆಯನ್ನು ಅದಕ್ಕೇ ಕಟ್ಟಿದ್ದೆವು. ಅಂಥ ಬಿಲ್ಲೆಗಳೂ ಅದೇ ತಂತಿಗಳಲ್ಲಿ ಮಾತಾಡುತ್ತವಂತೆ. ಅಕ್ಕ ತಮ್ಮ ಫೈಲನ್ನು ಕೈಪಿಡಿಯ ಮುನ್ನೂರ ಹನ್ನೆರಡನೇ ಪುಟದ ಪಟ್ಟಿಯ ಜೊತೆ ಮತ್ತೆ ತಾಳೆ ನೋಡಿದರು. ಎರಡನೇ ಕಂಟ್ರೋಲರಿನ ಕ್ಲಾಕಿಗೆ ನಲವತ್ತೊಂದನೇ ಸ್ವಿಚ್ಚು, ಮೂರನೆಯದಕ್ಕೆ ನಲವತ್ತೆರಡು. ಅವರು ಬರೆದದ್ದೂ ಅದೇ. ತಪ್ಪಿಲ್ಲ.

ಮನೆಯಲ್ಲಿ ಆ ಹೊತ್ತಿಗೆ ಭಾವ ಮೂರನೇ ಸಂಪುಟಕ್ಕೆ ಬಂದಿದ್ದರು. ದನಿ ಸ್ವಲ್ಪ ತೆರೆದಿತ್ತು. ಪಕ್ಕದ ಕೋಣೆಗೆ ಕೇಳಿಸುವಷ್ಟು. ಒಂದು ಗುರುವಾರ ಬೆಳಿಗ್ಗೆ ಸಾವಿರದ ನೂರ ಏಳನೇ ಪುಟ. ಅಲ್ಲಿ ಬರಹವಿರಲಿಲ್ಲ, ಬರೀ ಒಂದು ಚಿತ್ರ: ಚೌಕಗಳು, ಬಾಣಗಳು, ಬಾಣಗಳ ಪಕ್ಕ ಇರುವೆಯಂಥ ಅಂಕಿಗಳು. ಬೇರೆ ಯಾರಾದರೂ ಆಗಿದ್ದರೆ ಪುಟ ಮಗುಚುತ್ತಿದ್ದರು. ಭಾವ ಭೂತಗನ್ನಡಿ ತಂದು ಓದಿದರು.

"ಎರಡನೇ ಕಂಟ್ರೋಲರ್, ಬಾಣ, ಕ್ಲಾಕ್ ಸ್ವಿಚ್ಚು ನಲವತ್ತೆರಡು. ಮೂರನೇ ಕಂಟ್ರೋಲರ್, ಬಾಣ, ಕ್ಲಾಕ್ ಸ್ವಿಚ್ಚು ನಲವತ್ತೊಂದು."

ಅಕ್ಕನ ಬೆರಳು ನಿಂತಿತು. "ರೀ, ಇನ್ನೊಂದ್ಸಲ ಓದಿ."

ಅವರು ಓದಿದರು.

"ತಿರುಗು ಮುರುಗು ಓದ್ತಿದ್ದೀರಾ ಏನು?"

"ಮೂವತ್ತು ವರ್ಷದಲ್ಲಿ ಯಾವತ್ತಾದ್ರೂ ಓದಿದ್ದೀನಾ?" ಎಂದು ಭಾವ ಕೇಳಿದರಂತೆ. ಆ ಮಾತಿನಲ್ಲಿ ಅವರ ಹಳೆಯ ದನಿ ಒಂದು ಗಳಿಗೆ ಬಂದು ಹೋಯಿತು ಎಂದು ಅಕ್ಕ ನನಗೆ ಆಮೇಲೆ ಹೇಳಿದರು. ಮೂರು ಸಂಪುಟವನ್ನೂ ಚೀಲಕ್ಕೆ ತುರುಕಿಕೊಂಡು, ತಲೆ ಕೂಡ ಬಾಚಿಕೊಳ್ಳದೆ ಅವರು ಕಚೇರಿಗೆ ಬಂದ ದಿನ ಅದು.

ಒಂದೇ ಕೈಪಿಡಿ, ಎರಡು ಪುಟ, ಎರಡು ಮಾತು. ಪಟ್ಟಿಯನ್ನು ಎಲ್ಲರೂ ನೋಡಿದ್ದರು. ಚಿತ್ರದೊಳಗಿನ ಅಂಕಿ ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗುವುದಿಲ್ಲವಾದ್ದರಿಂದ ಅದನ್ನು ಯಾರೂ ನೋಡಿರಲಿಲ್ಲ. ಚಿತ್ರವೇ ನಿಜವಾದರೆ ಏನಾಗುತ್ತದೆಂದು ಅಕ್ಕ ಮ್ಯಾನೇಜರ ಕೋಣೆಯ ಬಿಳಿ ಹಲಗೆಯ ಮೇಲೆ ಬರೆದು ತೋರಿಸಿದರು. ನೆಟ್‌ವರ್ಕ್ ಚೆನ್ನಾಗಿರುವ ಕಡೆ ವೈರ್‌ಲೆಸ್ ಯಾವಾಗಲೂ ಎಚ್ಚರವಾಗಿರುತ್ತದೆ, ಯಾವ ಸ್ವಿಚ್ಚೂ ಆರುವುದಿಲ್ಲ. ದೂರದ ಕೇಂದ್ರಗಳಲ್ಲಿ ನೆಟ್‌ವರ್ಕ್ ಸಿಗದಿದ್ದಾಗ ಬ್ಯಾಟರಿ ಉಳಿಸಲು ಸಿಸ್ಟಂ ವೈರ್‌ಲೆಸ್ಸನ್ನು ಮಲಗಿಸಿ, ನಮ್ಮ ಫೈಲಿನಲ್ಲಿ ಬರೆದ ಹಾಗೆ ನಲವತ್ತೆರಡನೇ ಸ್ವಿಚ್ಚು ಆರಿಸುತ್ತದೆ. ಆದರೆ ಅದು ಮೆಮೊರಿಯ ಸ್ವಿಚ್ಚು. ವೈರ್‌ಲೆಸ್ ಮತ್ತೆ ಏಳುವವರೆಗೆ ಮೆಮೊರಿಗೆ ಏನೂ ಬರೆಯಲಾಗುವುದಿಲ್ಲ.

ಮ್ಯಾನೇಜರು ಗಡ್ಡ ಸವರಿಕೊಂಡರು. ಮಂಗಳವಾರ ಐನೂರು ಪೆಟ್ಟಿಗೆ ಹೊರಡಬೇಕಿತ್ತು. ವೈರ್‌ಲೆಸ್ಸನ್ನು ಎಂದೂ ಮಲಗಿಸಬೇಡ ಎಂದು ಪ್ರೋಗ್ರಾಂನಲ್ಲಿ ಒಂದು ಸಾಲು ಹಾಕಿ ಕೈ ತೊಳೆದುಕೊಳ್ಳೋಣ, ಅದು ಸುಲಭ ಎಂದರು. ಅಕ್ಕ ಒಪ್ಪಲಿಲ್ಲ. ಹಾಗೆ ಮಾಡಿದರೆ ಕರೆಂಟ್ ಹೋದಾಗ ಬ್ಯಾಟರಿ ಅರ್ಧ ದಿನಕ್ಕೇ ಮುಗಿಯುತ್ತದೆ, ಕರೆಂಟ್ ಹೋದಾಗಲೇ ಅಲ್ಲವೇ ಲಸಿಕೆಗೆ ಕಾವಲು ಬೇಕಾಗಿರುವುದು ಎಂದು ಕೇಳಿದರು. ಆಮೇಲೆ ಅವರು ಆಡಿದ ಮಾತು ನನಗೆ ಇನ್ನೂ ನೆನಪಿದೆ.

"ಯಂತ್ರ ಸರಿಯಾಗಿದೆ ಸಾರ್. ಪ್ರೋಗ್ರಾಂ ಸರಿಯಾಗಿದೆ. ತಪ್ಪಾಗಿರೋದು ನಾನು ಬರೆದಿರೋದು. ಬರೆದಿದ್ದನ್ನ ತಿದ್ದೋಕೆ ಬಿಡಿ."

ನಿಜ ಯಾವುದೆಂದು ಬೆಸುಗೆ ಅಣ್ಣ ಪರೀಕ್ಷೆ ಮಾಡಿದರು. ಮೊದಲು ನಲವತ್ತೆರಡನ್ನು ಆರಿಸಿ ಮೆಮೊರಿಯ ತಂತಿಯ ಮೇಲೆ ಅಳತೆಯ ಮುಳ್ಳಿಟ್ಟರು. ಪರದೆಯ ಮೇಲೆ ಕುಣಿಯುತ್ತಿದ್ದ ಗೆರೆ ನೀರಿನಂತೆ ಮಟ್ಟಸವಾಯಿತು. ಆಮೇಲೆ ಪೆಟ್ಟಿಗೆಯನ್ನು ನೆಟ್‌ವರ್ಕ್ ತಾಗದ ಹಾಗೆ ಒಂದು ಹಳೆಯ ಉಕ್ಕಿನ ಟ್ರಂಕಿನೊಳಗಿಟ್ಟು ಮುಚ್ಚಳ ಹಾಕಿದರು. ಎರಡು ಗಂಟೆ ಬಿಟ್ಟು ತೆಗೆದು ನೋಡಿದರೆ ಅಂಕಿಗಳ ಮಧ್ಯೆ ಒಂದು ಗಂಟೆ ನಲವತ್ತು ನಿಮಿಷ ಖಾಲಿ. ಮೂರು ತಿಂಗಳಿಂದ ಕಾಣದಿದ್ದ ತೊಂದರೆ ಮೊದಲ ಸಲ ನಮ್ಮ ಕಣ್ಣೆದುರಿಗಿತ್ತು. ಅಕ್ಕ ತಮ್ಮ ಫೈಲು ತೆರೆದು ಎರಡು ಸಾಲಿನಲ್ಲಿ ಎರಡು ಅಂಕಿಯನ್ನು ಅದಲು ಬದಲು ಮಾಡಿದರು. ಪೆಟ್ಟಿಗೆ ಮತ್ತೆ ಟ್ರಂಕಿಗೆ ಹೋಯಿತು. ನಾವು ನಾಲ್ವರೂ ಟ್ರಂಕಿನ ಸುತ್ತ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಾ ಕೂತೆವು, ಹೆರಿಗೆ ಮನೆಯ ಹೊರಗೆ ಕೂತವರ ಹಾಗೆ. ಈ ಸಲ ಒಂದು ಅಂಕಿಯೂ ತಪ್ಪಿರಲಿಲ್ಲ. ಮ್ಯಾನೇಜರು ಎದ್ದುಹೋಗಿ ಮಂಗಳವಾರದ ಲಾರಿಯನ್ನು ಶುಕ್ರವಾರಕ್ಕೆ ಹಾಕಿಸಿದರು.

ಅಲ್ಲಿಗೆ ಮುಗಿಯಿತು ಎಂದು ನಾವು ಅಂದುಕೊಂಡೆವು. ಅಕ್ಕನಿಗೆ ಮುಗಿದಿರಲಿಲ್ಲ. ನಾವು ಬಳಸುವ ಆಪರೇಟಿಂಗ್ ಸಿಸ್ಟಂ ಯಾರು ಬೇಕಾದರೂ ನೋಡಬಹುದಾದ, ತಿದ್ದಬಹುದಾದ ಸಾರ್ವಜನಿಕ ಆಸ್ತಿ. ಈ ಚಿಪ್ಪಿನ ವಿವರಣೆ ಅದರಲ್ಲೂ ಇತ್ತು, ಅದೇ ತಪ್ಪಿನ ಸಮೇತ. ಇನ್ನೆಷ್ಟು ಕಡೆ ಇನ್ನೆಷ್ಟು ಯಂತ್ರ ಹೀಗೆ ಕಲ್ಲಾಗಿ ಕೂತಿವೆಯೋ, ಇನ್ಯಾವ ನರ್ಸಿಗೆ ಎಚ್ಚರಿಕೆ ಕಾಗದ ಹೋಗಿದೆಯೋ ಎಂಬುದು ಅವರ ಚಿಂತೆ. ತಿದ್ದುಪಡಿಯನ್ನು ಅಲ್ಲಿಗೂ ಕಳಿಸುತ್ತೇನೆ ಎಂದರು. ನಮ್ಮಲ್ಲಿ ಯಾರೂ ಹಾಗೆ ಕಳಿಸಿದವರಲ್ಲ.

ಆ ಭಾಗವನ್ನು ನೋಡಿಕೊಳ್ಳುವ ಪರಿಶೀಲಕರು ಭೂಮಿಯ ಯಾವುದೋ ಮೂಲೆಯಲ್ಲಿದ್ದರು. ಮುಖ ನೋಡಿದವರಿಲ್ಲ, ಪತ್ರದಲ್ಲಿ ಮಾತ್ರ ಪರಿಚಯ. ಅಕ್ಕನ ತಿದ್ದುಪಡಿಯನ್ನು ಅವರು ನಾಲ್ಕು ಸಲ ವಾಪಸು ಕಳಿಸಿದರು. ಮೊದಲನೆಯ ಸಲ, ಸಾಲಿನ ಮುಂದೆ ಬಿಟ್ಟ ಜಾಗ ಸರಿಯಿಲ್ಲ. ಎರಡನೆಯ ಸಲ, ಶೀರ್ಷಿಕೆ ಉದ್ದವಾಯಿತು. ಮೂರನೆಯ ಸಲ, ಕೈಪಿಡಿಯ ಪಟ್ಟಿ ನಿಮಗೆ ವಿರುದ್ಧವಾಗಿದೆ, ಪುರಾವೆ ಎಲ್ಲಿ. ಪ್ರತಿ ಪತ್ರವೂ ಒಂದೂವರೆ ಸಾಲು, ನಮಸ್ಕಾರವಿಲ್ಲ, ಏನಿಲ್ಲ. ಈ ಮನುಷ್ಯನ ಕೊಬ್ಬು ನೋಡಿ ಎಂದು ನನಗೆ ಮೈ ಉರಿಯುತ್ತಿತ್ತು. ಅಕ್ಕ ಒಂದೊಂದು ಪತ್ರವನ್ನೂ ಎರಡೆರಡು ಸಲ ಓದಿ ಹಿಗ್ಗುತ್ತಿದ್ದರು. ನಮ್ಮ ಪ್ರೆಸ್ಸಿನಲ್ಲಿ ಇಂಥವರೊಬ್ಬರು ಇದ್ದಿದ್ದರೆ ಅಚ್ಚಿನಲ್ಲಿ ಒಂದು ತಪ್ಪೂ ಹೋಗುತ್ತಿರಲಿಲ್ಲ ಎನ್ನುತ್ತಿದ್ದರು. ಪುರಾವೆಗೆ ಟ್ರಂಕಿನ ಪರೀಕ್ಷೆಯನ್ನು, ಎರಡು ಪುಟದ ನಂಬರನ್ನು, ಗೆರೆ ಮಟ್ಟಸವಾದ ಪರದೆಯ ಫೋಟೋವನ್ನು ಕಳಿಸಿದರು. ನಾಲ್ಕನೆಯ ಸಲ ಉತ್ತರ ಬಂತು: ಕೈಪಿಡಿಯ ಪಟ್ಟಿ ತಪ್ಪು ಎಂದು ಫೈಲಿನಲ್ಲೇ ಒಂದು ಟಿಪ್ಪಣಿ ಬರೆಯಿರಿ, ಇಲ್ಲದಿದ್ದರೆ ನಾಳೆ ಇನ್ನೊಬ್ಬರು ಪಟ್ಟಿ ನೋಡಿಕೊಂಡು ಮತ್ತೆ ಕೆಡಿಸುತ್ತಾರೆ. "ನನಗೇ ಹೊಳೀಲಿಲ್ವಲ್ಲ," ಎಂದು ಅಕ್ಕ ಹಣೆ ಬಡಿದುಕೊಂಡರು.

ಇಂಥ ತಿದ್ದುಪಡಿಯ ಕೆಳಗೆ ಯಾರು ಬರೆದರು, ಯಾರು ಪರೀಕ್ಷಿಸಿದರು, ತಪ್ಪನ್ನು ಯಾರು ತಿಳಿಸಿದರು ಎಂದು ಹೆಸರು ಹಾಕುವ ಪದ್ಧತಿಯಿದೆ. ಪರೀಕ್ಷಿಸಿದವರು ಎಂದು ಬೆಸುಗೆ ಅಣ್ಣನ ಹೆಸರು ಹೋಯಿತು. ಅವರು ಅದನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿಕೊಂಡರು. ತಿಳಿಸಿದವರು ಎಂದು ಅಕ್ಕ ನರ್ಸಿನ ಹೆಸರು ಬರೆದರು. ಆಮೇಲೆ ಸ್ವಲ್ಪ ಹೊತ್ತು ಪೆನ್ಸಿಲು ಕಚ್ಚಿಕೊಂಡು ಕೂತು, ಪರಿಶೀಲಕರಿಗೇ ಒಂದು ಪ್ರಶ್ನೆ ಕಳಿಸಿದರು. ಕೈಪಿಡಿಯನ್ನು ಒಬ್ಬರು ಗಟ್ಟಿಯಾಗಿ ಓದಿದರು, ಓದಿದ್ದರಿಂದಲೇ ತಪ್ಪು ಸಿಕ್ಕಿತು, ಅವರು ಎಂಜಿನಿಯರ್ ಅಲ್ಲ, ನನ್ನ ಗಂಡ, ಅವರನ್ನು ಯಾವ ಸಾಲಿಗೆ ಹಾಕಬೇಕು ಎಂದು.

ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಬಂತು, ಎಂದಿಗಿಂತ ಉದ್ದ, ಮೂರು ಸಾಲು: ಸಾವಿರದ ನೂರ ಏಳು ಪುಟ ಗಟ್ಟಿಯಾಗಿ ಓದಿದವರನ್ನು ನಾನು ಈ ಕೆಲಸದಲ್ಲಿ ಇದುವರೆಗೆ ಕಂಡಿಲ್ಲ. ಮೊದಲು ಯಾರ ಬಾಯಿಂದ ಸರಿಯಾದ ಅಂಕಿ ಬಂತೋ ಅವರೇ ತಿಳಿಸಿದವರು. ನರ್ಸಿನ ಕೆಳಗೆ ಅವರ ಹೆಸರೂ ಇರಬೇಕು. ಅದರ ಕೆಳಗೆ, ಸೇರಿಸಿದ್ದೇನೆ ಎಂಬ ಒಂದು ಪದ; ತಿದ್ದುಪಡಿ ಒಪ್ಪಿಗೆಯಾಗಿತ್ತು.

ಅಕ್ಕ ಆ ಪತ್ರವನ್ನು ಕೂಡಲೇ ನನಗೆ ತೋರಿಸಲಿಲ್ಲ. ಮೊದಲು ಮನೆಗೆ ತೆಗೆದುಕೊಂಡು ಹೋದರು. ಮರುದಿನ ಬಂದು, ಭಾವ ಓದಿದರಾ ಎಂದು ಕೇಳಿದ್ದಕ್ಕೆ, "ಓದೋಕೆ ಹೋದ್ರು, ಗಂಟಲು ಬಿಗೀತು," ಎಂದರು.

ಇಲಾಖೆಗೆ ಕಾಗದ ಬರೆಯುವ ಕೆಲಸ ನನ್ನದಾಗಿತ್ತು. ಮೂರು ಸಲ ಹರಿದು ಹಾಕಿ ನಾಜೂಕಾಗಿ ಬರೆದೆ: ಅಂಕಿಗಳು ಖಾಲಿಯಾಗಿದ್ದಕ್ಕೆ ನಮ್ಮ ಕಡೆಯ ಲೋಪವೊಂದು ಕಾರಣವಾಗಿದ್ದು, ಸಿಬ್ಬಂದಿಯಿಂದ ತಪ್ಪಾಗಿಲ್ಲವೆಂದು ತೋರುತ್ತದೆ. ಅಕ್ಕ ಪೆನ್ಸಿಲು ತೆಗೆದುಕೊಂಡು 'ಎಂದು ತೋರುತ್ತದೆ' ಎಂಬಷ್ಟನ್ನು ಹೊಡೆದು ಹಾಕಿದರು. ಅಷ್ಟು ನೇರವಾಗಿ ಬರೆಯುವುದು ಸ್ವಲ್ಪ ಹೆಚ್ಚಾಯಿತೇನೋ ಎಂದು ನಾನು ರಾಗ ಎಳೆದೆ. ಅವರು ಕನ್ನಡಕದ ಮೇಲಿಂದ ನೋಡಿದರು. ನಾನು ಹೊಸ ಪ್ರತಿ ತೆಗೆಸಿದೆ. ಎಚ್ಚರಿಕೆಯ ಕಾಗದ ಹಿಂದಕ್ಕೆ ಪಡೆದಿದ್ದಾರೆಂದು ಮುಂದಿನ ತಿಂಗಳು ತಿಳಿಯಿತು.

ಐದು ತಿಂಗಳ ನಂತರ ಆ ನರ್ಸು ತರಬೇತಿಯೊಂದಕ್ಕೆ ನಮ್ಮ ಊರಿಗೆ ಬಂದವರು ವಿಳಾಸ ಕೇಳಿಕೊಂಡು ಮೂರು ಮಹಡಿ ಹತ್ತಿ ಬಂದರು. ಕುಳ್ಳಗಿನ, ಗಟ್ಟಿ ಹೆಜ್ಜೆಯ ಹೆಂಗಸು. ಕೈಯಲ್ಲಿ ಒಂದು ನೋಟ್‌ಬುಕ್ಕಿತ್ತು. ಯಂತ್ರವನ್ನು ನಂಬಲಾಗದ ಆ ವಾರಗಳಲ್ಲಿ ದಿನಕ್ಕೆ ನಾಲ್ಕು ಸಲ ತಾವೇ ಫ್ರಿಜ್ಜಿನ ಥರ್ಮಾಮೀಟರ್ ನೋಡಿ ಬರೆದಿಟ್ಟ ಅಂಕಿಗಳು. ಆ ದಿನಗಳಲ್ಲಿ ಹಾಕಿದ ಒಂದು ಲಸಿಕೆಯೂ ಕೆಟ್ಟಿರಲಿಲ್ಲ ಎಂಬುದನ್ನು ನಿಮಗೆ ತೋರಿಸಬೇಕು ಅನ್ನಿಸಿತು ಎಂದರು. ಅಕ್ಕ ಕುರ್ಚಿ ಎಳೆದು ಕೂರಿಸಿ, ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ಒಂದು ಕಡೆ ಬೆರಳು ನಿಂತಿತು. ಮೂವತ್ತೇ ದಿನದ ತಿಂಗಳಿಗೆ ಮೂವತ್ತೊಂದನೇ ತಾರೀಕು ಬರೆದಿದ್ದರು. ನರ್ಸು ಬಗ್ಗಿ ನೋಡಿ, ಬಾಯಿಗೆ ಸೆರಗು ಹಿಡಿದು ನಕ್ಕರು. ಅಕ್ಕನೂ ನಕ್ಕರು. ಅಷ್ಟು ಜೋರಾಗಿ ಅವರು ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ಅಕ್ಕ ಫೋನ್ ಮಾಡಿ ಕರೆಸಿದ್ದ ಭಾವ ಬಂದರು. ಒಂದರ ಕೆಳಗೊಂದು ಹೆಸರಿದ್ದ ಇಬ್ಬರೂ ಮೊದಲ ಸಲ ಮುಖ ನೋಡಿದ್ದು ಆಗ. ಭಾವ ಏನೋ ಹೇಳಲು ಹೋಗಿ, ಸಂಕೋಚಕ್ಕೆ ದನಿ ಒಡೆದು, ಕೆಮ್ಮಿದರು. ನರ್ಸು ಕೂಡಲೇ ಎದ್ದು, ಎಲ್ಲಿ ಬಾಯಿ ತೆಗೀರಿ ಎಂದು ಕಿಟಕಿಯ ಬೆಳಕಿಗೆ ಅವರನ್ನು ತಿರುಗಿಸಿ ನಿಲ್ಲಿಸಿದರು.

"ಗಂಟಲಿನಿಂದ ಮಾತಾಡ್ತಿದ್ದೀರಾ ನೀವು. ಹೊಟ್ಟೆಯಿಂದ ಮಾತಾಡಬೇಕು. ಎಷ್ಟು ಹೊತ್ತು ಓದ್ತೀರಾ ದಿನಕ್ಕೆ?"

"ಅರ್ಧ ಗಂಟೆ," ಎಂದರು ಭಾವ, ಶಾಲೆಯ ಹುಡುಗನ ಹಾಗೆ.

"ಕಾಲು ಗಂಟೆ ಬೆಳಿಗ್ಗೆ, ಕಾಲು ಗಂಟೆ ಸಾಯಂಕಾಲ. ಮಧ್ಯೆ ನೀರು. ಚಹಾ ಇಷ್ಟು ಬಿಸಿ ಕುಡೀಬೇಡಿ."

ಭಾವ ನಾನು ಆಗಷ್ಟೇ ಕೊಟ್ಟಿದ್ದ ಚಹಾದ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ನಾನು ಹೇಳಿದ್ರೆ ಕೇಳ್ತಿರಲಿಲ್ಲ ನೋಡಿ ಇವರು ಎಂದು ಅಕ್ಕ ದೂರು ಹೇಳಿದರು. ಇಬ್ಬರು ಹೆಂಗಸರೂ ಸೇರಿ ಅವರ ಗಂಟಲು, ಊಟ, ನಿದ್ದೆ ಎಲ್ಲವನ್ನೂ ಒಂದು ಗಂಟೆ ವಿಚಾರಣೆ ಮಾಡಿದರು; ಆ ಮನುಷ್ಯ ಮಫ್ಲರಿನೊಳಗಿನಿಂದ ಹೂಂ, ಹೂಂ ಎನ್ನುತ್ತಾ ಕೂತಿದ್ದರು. ನರ್ಸಿಗೆ ನಾಲ್ಕೂವರೆಯ ಬಸ್ಸಿತ್ತು. ಬಸ್ ನಿಲ್ದಾಣ ಹತ್ತಿರದಲ್ಲೇ, ನಾನೇ ಹೋಗುತ್ತೇನೆ ಎಂದು ಅವರು ಎಷ್ಟು ಹೇಳಿದರೂ ಅಕ್ಕ ಕೇಳಲಿಲ್ಲ. ಮ್ಯಾನೇಜರ ಕೋಣೆಗೆ ತಲೆ ಹಾಕಿ, ಇವತ್ತು ಬೇಗ ಹೊರಡುತ್ತೇನೆ ಎಂದರು. ಮ್ಯಾನೇಜರು ಗಡಿಯಾರ ನೋಡಲೂ ಇಲ್ಲ, ಹೋಗಿ ಬನ್ನಿ ಅಕ್ಕ ಎಂದರು. ಮೂವರೂ ಮೆಟ್ಟಿಲಿಳಿದು, ಟೈರುಗಳ ಸಾಲನ್ನು ದಾಟಿ ಬೀದಿಗೆ ಇಳಿಯುವುದನ್ನು ನಾನು ಕಿಟಕಿಯಿಂದ ನೋಡಿದೆ. ನರ್ಸು ಮುಂದೆ, ಕೈಯಾಡಿಸುತ್ತಾ ಇನ್ನೂ ಏನೋ ಹೇಳುತ್ತಿದ್ದರು. ಅವರ ಚೀಲ ಭಾವನ ಹೆಗಲಿಗೆ ಬಂದಿತ್ತು.